ಮಗನ ಪಾಯಿಂಟು ತಾಯಿ ತಗೊಳ್ಳಿಕ್ಕೆ ಬರಂಗಿಲ್ಲ

ನಮ್ಮ ಅಕ್ಕಂದು ಇತ್ತಿತ್ಲಾಗ ಒಂದ ತಕರಾರು. "ಏನ ನಿಂದು, ಮುಂಜಾನೆ ಫೋನ್ ಮಾಡಿದ್ರ ಎತ್ತಂಗೇ ಇಲ್ಲಲ್ಲ? ಲಂಡನ್ನಿನಕಿ ಆದೆ ಅಂತ ಸೊಕ್ಕು ಬಂತೇನು?" ನಾವಿರೋದು ರೆಡಿಂಗ್, ಆದ್ರ ಅಕ್ಕಗ ಇಂಗ್ಲಂಡ್ ಅಂದ್ರ ಎಲ್ಲಾ ಲಂಡನ್ನ. ಅಕಿಗೆ ಹನ್ನೊಂದೂಕಾಲು ಅಂದ್ರ ಪೂಜಿ ಮುಗದು, ಸಾರು ಇಳಿಸಿ, ಒಂಚೂರು ಕೂಡೋ ಹೊತ್ತು. ನಂಗ ಇಲ್ಲೆ ಥಂಡ್ಯಾಗ ಅದು ನಸುಕಿನ ಐದೂ ಮುಕ್ಕಾಲು.

ಆ ಹೊತ್ತಿಗೆ ನಾ ಮನ್ಯಾಗ ಇರಂಗಿಲ್ಲ, ಗಾಡ್ಯಾಗ ಇರ್ತೀನಿ. ಗಾಡಿ ನಾ ಹೊಡಿಯಂಗಿಲ್ಲ, ನನ್ನ ಮಗ ಹೊಡೀತಾನ. ನಾ ಬಾಜೂ ಕೂತಿರ್ತೀನಿ. ಹಂಗ ಬಾಜೂ ಕೂತಾಕಿಗೂ ಫೋನ್ ಕೈಯಾಗ ಹಿಡಿಯೋ ಹಂಗಿಲ್ಲ. ಯಾಕ ಅಂತ ಹೇಳಲಿಕ್ಕೆ ಹೋದ್ರ ಅಕ್ಕ ಅರ್ಧಕ್ಕ "ತಡಿ, ಕುಕ್ಕರ್ ಸೀಟಿ ಹೊಡೀತು" ಅಂತ ಇಟ್ಟಬಿಡ್ತಾಳ. ಅದಕ್ಕ ಇಲ್ಲೆ ಪೂರಾ ಬರೀಲಿಕತ್ತೀನಿ. ವೈನಿ, ಮೌಶಿ, ಕಾಕು, ಬಾಜೂಮನಿ ಅಕ್ಕೋರು, ಎಲ್ಲಾರೂ ಓದ್ರಿ. ನಿಮ್ಮ ಮಕ್ಕಳು ಈ ಕಡೆ ಇದ್ರ ಅಂತೂ ತಪ್ಪದ ಓದ್ರಿ.

ಹೋದ ಆಗಸ್ಟ್ ತಿಂಗಳಾಗಿನ ಮಾತು. ಮೆಂತೆಪಲ್ಯ ಸೋಸಕೋತ ಕೂತಿದ್ದೆ, ಬಾಗಲಾ ಸಂದ್ಯಾಗಿಂದ ಟಪಾಲು ಬಿತ್ತು. ಪೋಲೀಸರ ಲಕೋಟೆ, ನನ್ನ ಹೆಸರಿಗೆ. ಇಂಥಾ ನಂಬರಿನ ಗಾಡಿ, ಇಂಥಾ ದಿವ್ಸ, ಮುಂಜಾನೆ 6 ಗಂಟೆ 4 ನಿಮಿಷಕ್ಕ, 30ರ ರಸ್ತೆದಾಗ 41ರ ವೇಗದಾಗ ಹೋಗಿದ್ದು ಕ್ಯಾಮೆರಾದಾಗ ಸಿಕ್ಕದ, ಗಾಡಿ ನಿಮ್ಮ ಹೆಸರಿಲೆ ಅದ, ಆವಾಗ ಹೊಡೀತಿದ್ದವ್ರು ಯಾರು ಅಂತ 28 ದಿವ್ಸದೊಳಗ ಬರದ ತಿಳಸ್ರಿ. ಇಲ್ಲೆ ಲೆಕ್ಕ ಎಲ್ಲಾ ಮೈಲಿನಾಗ. 30 ಮೈಲು ಅಂದ್ರ ನಮ್ಮ 48 ಕಿಲೋಮೀಟರ್.

ಮೆಂತೆ ಅಲ್ಲೇ ಬಿಟ್ಟೆ. ಆ ದಿವ್ಸ, ಆ ಹೊತ್ತಿಗೆ, ನಾ ಒಲಿ ಮುಂದ ನಿಂತು ತವಾ ತೊಳೀಲಿಕತ್ತಿದ್ದೆ. ಗಾಡ್ಯಾಗ ಇದ್ದಾಂವ ನನ್ನ ಮಗ.

ಸಂಜಿಗೆ ಅಕ್ಕಗ ಫೋನ್ ಹಚ್ಚಿದೆ. ಅಕಿ ನಕ್ಕಳು. "ಅಷ್ಟಕ್ಕ ಅಳ್ತೀಯೇನು? ದಂಡ ಕಟ್ಟಿ ಕೈ ತೊಳಕೋ. ನಮ್ಮಲ್ಲೆ 2023ರಾಗ ಬಾಕಿ ದಂಡಕ್ಕ ಸರ್ಕಾರನ ಅರ್ಧಾ ರಿಯಾಯಿತಿ ಕೊಟ್ಟಿತ್ತು. ನಿಮ್ಮ ಭಾವನವ್ರು ಎಲ್ಲಾ ಕೂಡಿಸಿ ಒಮ್ಮೆ ತೀರಿಸಿ ಬಂದ್ರು. ನಿಮ್ಮಲ್ಲೆ ಅಂಥಾ ಸೇಲ್ ಇಲ್ಲೇನು?"

ಇಲ್ಲ ಅಕ್ಕಾ. ಇಲ್ಲೆ ರೊಕ್ಕದ ದಂಡ ಸಣ್ಣ ಮಾತು. ವೇಗದ ತಪ್ಪಿಗೆ ಕಮ್ಮೀತ ಕಮ್ಮಿ 100 ಪೌಂಡ್, ಕೊಟ್ಟ ಕೂಡ್ಲೆ ಅದು ಮುಗೀತದ. ಮುಗೀದ ಉಳಿಯೋದು ಪಾಯಿಂಟು. ನಮ್ಮ ಓಣಿ ಕಿರಾಣಿ ಅಂಗಡಿ ಉದ್ರಿ ವಹಿ ನೆನಪ ಮಾಡ್ಕೋರಿ, ಒಂದೊಂದು ಮನಿ ಹೆಸರಿಗೆ ಒಂದೊಂದು ಹಾಳಿ. ಹಂಗ ಇಲ್ಲೆ ಡಿವಿಎಲ್ಎ ಅಂತ ಲೈಸನ್ಸಿನ ಸರ್ಕಾರಿ ಆಫೀಸಿನ್ಯಾಗ ಗಾಡಿ ಹೊಡಿಯೋ ಪ್ರತಿಯೊಬ್ಬರ ಹೆಸರಿಗೂ ಒಂದು ಹಾಳಿ ಇರ್ತದ ಅನ್ಕೋರಿ. ಶುರುವಿಗೆ ಖಾಲಿ ಹಾಳಿ. ತಪ್ಪು ಮಾಡಿದಂಗ ಅದರಾಗ ಪಾಯಿಂಟು ಏರಕೋತ ಹೋಗ್ತಾವ. ಸಾಲ್ಯಾಗ ಜಾಸ್ತಿ ಮಾರ್ಕ್ಸ್ ಬಂದ್ರ ಪಾಸು, ಇಲ್ಲೆ ಜಾಸ್ತಿ ಬಂದ್ರ ಫೇಲು.

ಯಾವ ತಪ್ಪಿಗೆ ಎಷ್ಟು ಅಂತ ಮೊದಲ ಗೊತ್ತುಮಾಡಿ ಇಟ್ಟಾರ. ವೇಗಕ್ಕ ಕಮ್ಮಿ ಅಂದ್ರ 3. ಕೆಂಪು ದೀಪ ದಾಟಿದ್ರ 3. ಗಾಡಿ ಹೊಡಿಯೋವಾಗ ಫೋನ್ ಕೈಯಾಗ ಹಿಡದ್ರ 6 ಪಾಯಿಂಟು, ಮ್ಯಾಲೆ 200 ಪೌಂಡ್ ದಂಡ. ಇನ್ಶೂರೆನ್ಸ್ ಇಲ್ದ ಹೊಡದ್ರ 6ರಿಂದ 8. ಟಾಯರ್ ಸವದು ನುಣ್ಣಗಾಗಿದ್ರ ಒಂದೊಂದು ಟಾಯರಿಗೆ 3, ನಾಲ್ಕೂ ಸವದಿದ್ರ ಎಷ್ಟು ಅಂತ ನೀವ ಲೆಕ್ಕಾ ಹಾಕ್ರಿ. 3 ವರ್ಷದೊಳಗ 12 ತುಂಬಿದ್ರ ಕೋರ್ಟು ಕಮ್ಮೀತ ಕಮ್ಮಿ 6 ತಿಂಗಳು ಗಾಡಿ ಮುಟ್ಟಬ್ಯಾಡ ಅಂತದ. ಮನ್ಯಾಗ ಭಾಳ ದೊಡ್ಡ ತೊಂದ್ರಿ ಆಗ್ತದ ಅಂತ ಕೋರ್ಟಿನ್ಯಾಗ ಬೇಡಕೋಬಹುದು, ಆದ್ರ ಸಾಧಾರಣ ತೊಂದ್ರಿ ಸಾಲಂಗಿಲ್ಲ. ಈ 3 ವರ್ಷ ಎಣಸೋದು ತಪ್ಪು ಮಾಡಿದ ತಾರೀಖಿನಿಂದ, ದಂಡ ಕಟ್ಟಿದ ತಾರೀಖಿನಿಂದ ಅಲ್ಲ. ವೇಗದಂಥಾ ತಪ್ಪು ಹಾಳಿ ಮ್ಯಾಲೆ 4 ವರ್ಷ ಕಾಣಸ್ತದ, ಆದ್ರ 12ರ ಲೆಕ್ಕಕ್ಕ ಮೊದಲಿನ 3 ವರ್ಷ ಅಷ್ಟ. ಕುಡದು ಹೊಡದಿದ್ದು 11 ವರ್ಷ ಹೋಗಂಗಿಲ್ಲ.

ಇದು ನನ್ನಂಥಾ ಹಳೆ ಲೈಸನ್ಸಿನವ್ರ ಲೆಕ್ಕ. ಹೊಸದಾಗಿ ಪಾಸಾದವ್ರಿಗೆ ಬ್ಯಾರೆ. ಮೊದಲ ಸಲ ಪಾಸಾದ ದಿವ್ಸದಿಂದ 2 ವರ್ಷದೊಳಗ 6 ಪಾಯಿಂಟು ಆದ್ರ ಲೈಸನ್ಸು ಹೋತು. ಕೋರ್ಟು ಬ್ಯಾಡ, ವಕೀಲ ಬ್ಯಾಡ, ಡಿವಿಎಲ್ಎದಿಂದ ಕಾಗದ ಬರ್ತದ ಅಷ್ಟ. 1997ರಿಂದ ಈ ಕಾಯದೆ ಅದ. ಆಮ್ಯಾಲೆ ಮತ್ತ ಕಲಿಯೋರ ಲೈಸನ್ಸು ತಗೋ, ಗಾಡಿಗೆ ಎಲ್ ಪಟ್ಟಿ ಹಚ್ಚು, ಬರಿಯೋ ಪರೀಕ್ಷಾ ಕೊಡು, ಹೊಡಿಯೋ ಪರೀಕ್ಷಾ ಕೊಡು, ಎಲ್ಲಾ ಮೊದಲಿಂದ. ಫೋನಿಗೆ 6 ಅಂದ್ನೆಲ್ಲ, ಹೊಸ ಹುಡುಗ ಒಂದ ಸಲ ಫೋನ್ ಹಿಡದು ಸಿಕ್ಕರ ಅವತ್ತಿಗೇ ಮುಗೀತು.

ನನ್ನ ಮಗ ಪಾಸಾಗಿ ಆವಾಗ ಹದಿನಾಲ್ಕು ತಿಂಗಳಾಗಿತ್ತು. ಮೊದಲನೇ ಸಲ 30ರಾಗ 36 ಹೋಗಿ ಸಿಕ್ಕಿದ್ದ. 30ರಾಗ 35ರಿಂದ 42ರ ತನಕ ಸಿಕ್ಕವ್ರಿಗೆ ಪಾಯಿಂಟಿನ ಬದಲಿ ಒಂದು ಕ್ಲಾಸಿಗೆ ಕೂಡ್ರಿ ಅಂತ ಪೋಲೀಸರು ಕೇಳೋ ವಾಡಿಕಿ ಅದ. ಅದರ ರೊಕ್ಕಾ ನಾವ ಕೊಡಬೇಕು, ಆದ್ರ ಹಾಳಿ ಖಾಲಿ ಉಳೀತದ. 3 ವರ್ಷಕ್ಕ ಒಂದ ಸಲ ಅಷ್ಟ. ಅಂವ ಕ್ಲಾಸಿಗೆ ಕೂತ, ನಾವು "ಬಚಾವಾದಿ" ಅಂದ್ವಿ. ಎರಡನೇ ಸಲ ರಸ್ತೆ ರಿಪೇರಿ ನಡದಲ್ಲೆ 50 ಇತ್ತು, ಇಂವ 58. ಕ್ಲಾಸಿನ ಪಾಳಿ ಮುಗದಿತ್ತು, 3 ಪಾಯಿಂಟು ಬಿತ್ತು. ಈಗ ಮೂರನೇ ಕಾಗದ. ಮೂರೂ ಮೂರೂ ಆರು.

ಅವಂದು ಕರೆಂಟಿನ ಕೆಲಸ ಕಲಿಯೋ ನೌಕರಿ. 6 ಗಂಟೆ 15 ನಿಮಿಷಕ್ಕ ಮಾಲಕರ ವ್ಯಾನ್ ಬಿಡ್ತದ. ಆ ಹೊತ್ತಿಗೆ ನಮ್ಮ ಕಡೆಯಿಂದ ಬಸ್ಸಿಲ್ಲ. ಲೈಸನ್ಸು ಹೋತು ಅಂದ್ರ ನೌಕರಿಗೂ ಕುತ್ತು.

ರಾತ್ರಿ ಊಟ ಆದಮ್ಯಾಲೆ ಆ ಕಾಗದ ಟೇಬಲ್ ಮ್ಯಾಲೆ ಇತ್ತು. ನಮ್ಮನಿಯವ್ರು ಓದಿ, ಚಸ್ಮಾ ತಗದಿಟ್ಟು, ಹಗೂರಕ ಅಂದ್ರು, "ನಿನ್ನ ಹೆಸರು ಬರದಬಿಡು. ನಿಂದು ಇಷ್ಟ ವರ್ಷದಾಗ ಒಂದೂ ಪಾಯಿಂಟಿಲ್ಲ. ನಿಂಗ ಕ್ಲಾಸು ಕೊಡ್ತಾರ, ಒಂದ ದಿವ್ಸ ಕೂತು ಕೇಳಿದ್ರ ಆತು. ಅವಂಗೂ ಇಲ್ಲ, ನಿಂಗೂ ಇಲ್ಲ."

ಮಗ ಏನೂ ಅನ್ಲಿಲ್ಲ. ಮಾರಿ ಕೆಳಗ ಹಾಕಿ ಕೂತಿದ್ದ. ಅಂವ ಕೇಳಿದ್ರ ಬೈತಿದ್ದೆ. ಕೇಳಲಿಲ್ಲ, ಅದಕ್ಕ ನಂಗ ಹೊಟ್ಟ್ಯಾಗ ಸಂಕಟ ಆತು.

ಖರೇ ಹೇಳ್ತೀನಿ, ನಾ ಪೆನ್ನು ತಗೊಂಡೆ. ಯಾಕಂದ್ರ ಒಂದು ಮಾತು ನನಗಷ್ಟ ಗೊತ್ತಿತ್ತು. ಆ ದಿವ್ಸ ಅಂವ ಐದೂ ಮುಕ್ಕಾಲಿಗೆ ಬೂಟು ಹಾಕ್ಕೊಂಡು ಬಾಗಲಾಗ ನಿಂತಿದ್ದ. "ತಡಿಯಪಾ, ಎರಡ ಚಪಾತಿ ಲಟ್ಟಿಸಿ ಕೊಡ್ತೀನಿ, ಹೊರಗಿಂದು ತಿನಬ್ಯಾಡ" ಅಂತ ಹತ್ತ ನಿಮಿಷ ನಿಲ್ಲಿಸಿದಾಕಿ ನಾನ. ಹತ್ತ ನಿಮಿಷ ನಂದು, ತಪ್ಪು ಅವಂದು ಹೆಂಗಾಗ್ತದ ಅನ್ನಿಸ್ತು. ಮಗನ ತಪ್ಪು ತಾಯಿ ಉಡಿಯೊಳಗ ಹಾಕ್ಕೊಂಡ್ರ ಏನಾತು, ನಮ್ಮ ಅವ್ವ ಹಾಕ್ಕೊಂಡಿಲ್ಲೇನು?

ಅಕ್ಕಾ, ಅಪ್ಪನ ರೇಡಿಯೋ ನೆನಪದ ಅಲ್ಲಾ? ಧಾರವಾಡದ ಮನ್ಯಾಗ ಕಪಾಟಿನ ಮ್ಯಾಲೆ ಇರ್ತಿತ್ತು, ನಾವು ಯಾರೂ ಮುಟ್ಟೋ ಹಂಗಿರ್ಲಿಲ್ಲ. ಅಣ್ಣ ಒಳಗ ಚೆಂಡಾಟ ಆಡಿ ಅದನ್ನ ಕೆಡವಿದ. ಅಪ್ಪ ಆಫೀಸಿಂದ ಬಂದು ಕೇಳಿದಾಗ ಅವ್ವ, "ನಾನ ಜೇಡಾ ತೆಗಿಯೋವಾಗ ಕಸಬರಗಿ ತಾಕಿ ಬಿತ್ತು" ಅಂದ್ಲು. ಅಪ್ಪ ಎರಡ ದಿವ್ಸ ಅಕಿ ಜೋಡಿ ಮಾತಾಡ್ಲಿಲ್ಲ. ಅಣ್ಣ ಉಂಡು ಆರಾಮ ಮಲಗಿದ. ಅವ್ವ ಎಷ್ಟ ಒಳ್ಳೆಯಕಿ ಅಂತ ನಾವು ಇವತ್ತಿಗೂ ಆಡ್ಕೋತೀವಿ. ಆದ್ರ ಅಣ್ಣ ಇವತ್ತಿಗೂ ಚೆಂಡು ತಾಕಿ ಬಿತ್ತು ಅಂತ ಒಪ್ಪಂಗಿಲ್ಲ, "ಅವ್ವನ ಕೆಡವಿದ್ಲು" ಅಂತನ ಹೇಳ್ತಾನ. ಅವಂಗ ಅದು ಖರೇನೇ ಅನಸ್ತದೋ ಏನೋ. ವೈನಿ, ನೀವು ಓದ್ತೀರಿ ಅಂತ ಗೊತ್ತದ, ಒಂದ ಸಲ ಕೇಳಿ ನೋಡ್ರಿ.

ಪೆನ್ನು ಹಿಡಕೊಂಡು ಕೂತಾಗ ಇನ್ನೊಬ್ಬಾಕಿ ಹೆಣ್ಣಮಗಳ ಮಾರಿ ಕಣ್ಮುಂದ ಬಂತು. 2013ರಾಗ ಇಲ್ಲೆ ಟೀವ್ಯಾಗ ದಿವಸಾ ಅಕಿದ ಸುದ್ದಿ. ಕ್ರಿಸ್ ಹ್ಯೂನ್ ಅಂತ ಇಲ್ಲಿ ಮಂತ್ರಿ ಆಗಿದ್ದವ್ರು, ಅವರ ಹೆಂಡ್ತಿ ವಿಕಿ ಪ್ರೈಸ್, ಅಕಿನೂ ದೊಡ್ಡ ಅರ್ಥಶಾಸ್ತ್ರಜ್ಞೆ. 2003ರಾಗ ಗಂಡನ ಗಾಡಿ ವೇಗದ ಕ್ಯಾಮೆರಾದಾಗ ಸಿಕ್ಕಿತ್ತು. ಹೊಡೀತಿದ್ದಾಕಿ ನಾನು ಅಂತ ಹೆಂಡ್ತಿ ಒಪ್ಪಿಕೊಂಡು ಆ 3 ಪಾಯಿಂಟು ತನ್ನ ಹಾಳಿಗೆ ಹಾಕಿಸ್ಕೊಂಡ್ಲು. ಏಳೆಂಟು ವರ್ಷ ಯಾರಿಗೂ ಗೊತ್ತಾಗ್ಲಿಲ್ಲ. ಆಮ್ಯಾಲೆ ಸಂಸಾರ ಮುರೀತು, ಮಾತು ಹೊರಗ ಬಂತು. ಕ್ಯಾಮೆರಾ ಹಿಡೀಲಿಲ್ಲ, ಪೋಲೀಸರೂ ಹಿಡೀಲಿಲ್ಲ, ಅವರ ಮನಿ ಮಾತ ಅವರನ್ನ ಹಿಡೀತು. 2013ರ ಮಾರ್ಚ್ ತಿಂಗಳಾಗ ಇಬ್ಬರಿಗೂ 8 ತಿಂಗಳು ಜೇಲು ಆತು. ತಪ್ಪು ಈಗ ವೇಗದ್ದಲ್ಲ, ನ್ಯಾಯಕ್ಕ ಅಡ್ಡ ಬಂದಿದ್ದು.

ಅಕಿ ಕೋರ್ಟಿನ್ಯಾಗ "ಗಂಡನ ಒತ್ತಾಯಕ್ಕ ಮಾಡಿದೆ" ಅಂತ ಹೇಳಿದ್ಲು. ಹೆಂಡ್ತಿ ಹಂಗ ಹೇಳಿ ಪಾರಾಗಲಿಕ್ಕೆ ಇಲ್ಲೆ ಒಂದು ಹಳೇ ಕಾಯದೆ ಇತ್ತು. ಜ್ಯೂರಿಯವ್ರು ಒಪ್ಪಲಿಲ್ಲ. ಮರುವರ್ಷ, 2014ರಾಗ, ಆ ಕಾಯದೆನ ತಗದಬಿಟ್ರು. ಅಂದ್ರ ಈಗ "ನಮ್ಮನಿಯವ್ರು ಬರಿ ಅಂದ್ರು, ಬರದೆ" ಅನ್ನೋದು ನಡಿಯಂಗಿಲ್ಲ. ಸಹಿ ಯಾರದೋ ಜವಾಬ್ದಾರಿ ಅವರದ.

ನಾ ಅದನ್ನ ನಮ್ಮನಿಯವ್ರಿಗೆ ಅಂದೆ. ಅವ್ರು, "ಅವ್ರು ಮಂತ್ರಿ, ನಾವ್ಯಾರು? ನಮ್ಮನ್ನ ಯಾರ ನೋಡ್ತಾರ?" ಅಂದ್ರು. ಅದೂ ಖರೇನ. ಯಾರೂ ನೋಡ್ತಿರ್ಲಿಲ್ಲೋ ಏನೋ. ಆದ್ರ ನಾ ಬರಿಯೋದನ್ನ ನೋಡೋ ಒಬ್ಬಾಂವ ಅಲ್ಲೇ ಎದುರಿಗೆ ಮಾರಿ ಕೆಳಗ ಹಾಕಿ ಕೂತಿದ್ದ.

ನಾ ಕೇಳಿದೆ, "ತಮ್ಮಾ, ಆ 30ರ ರಸ್ತೆ ಎಷ್ಟ ಉದ್ದ?"

"ಒಂದ ಮೈಲು ಇರಬೇಕು."

"30ರಾಗ ಹೋದ್ರ ಎಷ್ಟೊತ್ತು?"

"ಎರಡ ನಿಮಿಷ."

"41ರಾಗ?"

ಅಂವ ಫೋನಿನ್ಯಾಗ ಲೆಕ್ಕಾ ಮಾಡಿದ. "ಒಂದೂವರಿ ನಿಮಿಷ, ಹತ್ರ ಹತ್ರ." ಸುಮ್ನಾದ. ಆಮ್ಯಾಲೆ ತಾನ ಅಂದ, "ಅರ್ಧಾ ನಿಮಿಷ ಅಮ್ಮಾ. ಉಳಿದಿದ್ದು ಅರ್ಧಾ ನಿಮಿಷ."

ಚಪಾತಿಗೆ ನಾ ತಗೊಂಡಿದ್ದು ಹತ್ತ ನಿಮಿಷ. ಅದು ಅಲ್ಲಿ ಒತ್ತಿ ಹೊಡದ್ರ ವಾಪಸ್ ಬರೋವಂಥಾದ್ದ ಅಲ್ಲ. ಆ ರಸ್ತೆದಾಗ ಒಂದು ಸಾಲಿನೂ ಅದ.

"ಅವತ್ತ ತಡಾ ಮಾಡಿದಾಕಿ ನಾನು, ಅದು ನನ್ನ ತಪ್ಪು," ಅಂದೆ. "ಅದನ್ನ ನಾ ನಿನ್ನ ಮುಂದ ಒಪ್ಕೋತೀನಿ. ಪೋಲೀಸರು ಕೇಳಿದ್ದು ತಡಾ ಮಾಡಿದವ್ರು ಯಾರು ಅಂತಲ್ಲ, ಹೊಡದವ್ರು ಯಾರು ಅಂತ."

ಅಂವ ಕಾಗದ ನನ್ನ ಕಡೆ ಸರಿಸಿ, "ನನ್ನ ಹೆಸರ ಬರಿ" ಅಂದ. ಸಿಟ್ಟಿಲೇನ ಅಂದ, ಎದ್ದು ಮ್ಯಾಲೆ ಹೋದ, ಬಾಗಲಾ ಧಡ್ ಅಂತ ಹಾಕ್ಕೊಂಡ. ನಾ ಅವನ ಹೆಸರು, ಹುಟ್ಟಿದ ತಾರೀಖು, ಲೈಸನ್ಸ್ ನಂಬರ್ ಬರದು ನನ್ನ ಸಹಿ ಹಾಕಿದೆ. ಅವತ್ತ ರಾತ್ರಿ ನಂಗ ನಿದ್ದಿ ಬರ್ಲಿಲ್ಲ. ಅವನ ಹುಟ್ಟಿದ ತಾರೀಖು ನಾ ಎಷ್ಟ ಕಾಗದದ ಮ್ಯಾಲೆ ಬರದಿಲ್ಲ, ಸಾಲಿಗೆ, ದವಾಖಾನಿಗೆ, ಪಾಸ್‌ಪೋರ್ಟಿಗೆ. ಕೈ ನಡುಗಿದ್ದು ಇದೊಂದ ಸಲ.

ನಮ್ಮನಿಯವ್ರು ನಾಲ್ಕ ದಿವ್ಸ ಚಹಾ ಬೇಕಂದ್ರೂ ಬಾಯಿ ಬಿಟ್ಟು ಕೇಳಲಿಲ್ಲ. ಅಪ್ಪನ ರೇಡಿಯೋದಕಿಂತ ಎರಡ ದಿವ್ಸ ಜಾಸ್ತಿ.

ಮುಂದ ಎಲ್ಲಾ ಕಾಯದೆ ಪ್ರಕಾರನ ಆತು. ಮಗನ ಹೆಸರಿಗೆ ಕಾಗದ ಬಂತು, ಅಂವ ತನ್ನ ಪಗಾರದಾಗ 100 ಪೌಂಡ್ ಕಟ್ಟಿದ, 3 ಪಾಯಿಂಟು ಏರಿತು. ಅಕ್ಟೋಬರದಾಗ ಡಿವಿಎಲ್ಎ ಕಾಗದ, ಲೈಸನ್ಸು ರದ್ದು. ಇನ್ಶೂರೆನ್ಸಿನವ್ರಿಗೆ ತಿಳಿಸಿದ್ವಿ, ಕಲಿಯೋರ ಲೆಕ್ಕದಾಗ ಹೊಸಾದು ಮಾಡಿಸಿದ್ವಿ, ಅದರ ರೇಟು ಹೇಳಿದ್ರ ಅಕ್ಕ ಎರಡು ತೊಲಿ ಬಂಗಾರದ ಮಾತಿಗೆ ಬರ್ತಾಳ, ಬ್ಯಾಡ. ಮಾಲಕರು ಒಳ್ಳೆಯವ್ರು, ಬೈದು ಇಟ್ಕೊಂಡ್ರು. "ಹೊತ್ತಿಗೆ ಸರಿಯಾಗಿ ಬಂದ್ರ ಸಾಕು, ಹೆಂಗ ಬರ್ತಿ ಅದು ನಿಂದು" ಅಂದ್ರಂತ.

ಕಲಿಯೋರು ಒಬ್ಬರ ಹೊಡಿಯೋ ಹಂಗಿಲ್ಲ. ಬಾಜೂ 21 ವರ್ಷ ದಾಟಿದವ್ರು, ಲೈಸನ್ಸು ಸಿಕ್ಕು 3 ವರ್ಷ ಆದವ್ರು ಕೂಡಬೇಕು. ಹಿಂಗಾಗಿ ನವೆಂಬರದಿಂದ ನಸುಕಿನ್ಯಾಗ ನಾ ಸ್ವೆಟರ್ ಮ್ಯಾಲೆ ಸ್ವೆಟರ್ ಹಾಕ್ಕೊಂಡು ಅವನ ಬಾಜೂ ಕೂಡ್ತೀನಿ. ಹಿಂದೊಂದು ಮುಂದೊಂದು ಎಲ್ ಪಟ್ಟಿ. ಅವನ ಬಿಟ್ಟು, ಪಟ್ಟಿ ಕಿತ್ತು ಡಿಕ್ಕ್ಯಾಗ ಹಾಕಿ, ನಾ ಹೊಡಕೊಂಡು ಹೊಳ್ಳಿ ಬರ್ತೀನಿ. ಬಾಜೂ ಕೂತಾಕಿ ಅಂದ್ರ ಕಾಯದೆಕ್ಕ ನಾನೂ ಗಾಡಿ ನೋಡ್ಕೊಳ್ಳಾಕಿ ಲೆಕ್ಕ. ಅದಕ್ಕ ನಂಗೂ ಫೋನ್ ಹಿಡಿಯೋ ಹಂಗಿಲ್ಲ, ಕುಡದಿರಂಗಿಲ್ಲ (ನಂದೇನಿದ್ರೂ ಚಹಾ).

ಮೊದಲ ಎರಡ ವಾರ ಅಂವ ಒಂದ ಮಾತು ಆಡ್ಲಿಲ್ಲ. ಆಮ್ಯಾಲೆ ಹಗೂರಕ ಶುರು ಮಾಡಿದ. ಕೆಲಸದಾಗಿನ ಮಾತು, ವೈರಿಂಗ್ ಮಾತು, ಒಂದಿನ ಒಬ್ಬಾಕಿ ಹುಡುಗಿ ಹೆಸರೂ ಬಂತು, ಅದನ್ನ ಇಲ್ಲೆ ಬರಿಯಂಗಿಲ್ಲ. ಬರಿಯೋ ಪರೀಕ್ಷಾ ಮತ್ತ ಪಾಸಾಗ್ಯಾನ. ಹೊಡಿಯೋ ಪರೀಕ್ಷಾಕ್ಕ ಮಾರ್ಚ್ ತಿಂಗಳಾಗ ತಾರೀಖು ಸಿಕ್ಕದ. ಪಾಸಾದ್ರೂ ಆ 6 ಪಾಯಿಂಟು ಅಳಿಯಂಗಿಲ್ಲ, ಹೊಸ ಲೈಸನ್ಸಿಗೂ ಬೆನ್ನು ಹತ್ತಿ ಬರ್ತಾವ. 2 ವರ್ಷದ ಹೊಸಬರ ಲೆಕ್ಕ ಎರಡನೇ ಸಲ ಇಲ್ಲ, ಅದೊಂದ ಸಮಾಧಾನ. ಆದ್ರ ಹಳೇವು ಹೋಗೋ ತನಕ 12ಕ್ಕ ಉಳಿದಿದ್ದು 6 ಅಷ್ಟ.

ನಿಮ್ಮ ಮಕ್ಕಳು ಇಲ್ಲೆ ಓದಲಿಕ್ಕೆ, ನೌಕರಿಗೆ ಬಂದಿದ್ರ ಈ ನಾಕ ಮಾತು ಹೇಳ್ರಿ. ನಮ್ಮ ದೇಶದ ಲೈಸನ್ಸಿನ ಮ್ಯಾಲೆ ಇಲ್ಲೆ ನೆಲಸಿದವ್ರಿಗೆ ಗಾಡಿ ಹೊಡಿಯೋ ಪರವಾನಗಿ ಮೊದಲಿನ 12 ತಿಂಗಳು ಅಷ್ಟ. ಆಮ್ಯಾಲೆ ಇಲ್ಲಿ ಪರೀಕ್ಷಾ ಕೊಡಬೇಕು, ಎಷ್ಟ ವರ್ಷ ಹುಬ್ಬಳ್ಳಿ ಟ್ರಾಫಿಕ್ಕಿನ್ಯಾಗ ಹೊಡದಿದ್ರೂ ಪಾಸಾದಮ್ಯಾಲೆ ಅವ್ರು ಹೊಸಬರ. ಪೋಲೀಸರ ಲಕೋಟೆ ಬಂದ್ರ ಒಡೀದ ಇಡಬ್ಯಾಡ್ರಿ. ಹೊಡದವ್ರು ಯಾರು ಅಂತ ತಿಳಿಸ್ದಿದ್ರ ಅದಕ್ಕ ಬ್ಯಾರೆ 6 ಪಾಯಿಂಟು, 1000 ಪೌಂಡಿನ ತನಕ ದಂಡ, ಅಂದ್ರ ವೇಗದ ತಪ್ಪಿನಕಿಂತ ಜಾಸ್ತಿ. ಯಾರ ಗಾಡಿ ತಗೊಂಡು ಹೋಗಿದ್ರೂ ಯಾವಾಗ ಯಾರು ಹೊಡದ್ರು ಅಂತ ಕ್ಯಾಲೆಂಡರಿನ್ಯಾಗ ಬರದಿಡ್ರಿ, ನಾವು ಹಾಲಿನ ಲೆಕ್ಕ ಬರಿತಿದ್ವಲ್ಲ ಹಂಗ. ತಮ್ಮ ಹಾಳ್ಯಾಗ ಎಷ್ಟ ಪಾಯಿಂಟವ ಅಂತ ಸರ್ಕಾರಿ ವೆಬ್‌ಸೈಟಿನ್ಯಾಗ ಪುಗಸಟ್ಟೆ ನೋಡ್ಲಿಕ್ಕೆ ಬರ್ತದ. ಮತ್ತ, ತಾಯಂದಿರಾ, ನಸುಕಿನ್ಯಾಗ ಹೊಂಟವ್ರನ್ನ ಬಾಗಲಾಗ ನಿಲ್ಲಿಸಿ ಚಪಾತಿ ಲಟ್ಟಿಸಬ್ಯಾಡ್ರಿ. ನಾ ಈಗ ರಾತ್ರೇನ ಡಬ್ಬಿ ಕಟ್ಟಿ ಇಡ್ತೀನಿ.

ಮೊನ್ನೆ ಶುಕ್ರವಾರ ಆ ಕ್ಯಾಮೆರಾ ಇರೋ ರಸ್ತೆಗೆ ಬಂದ್ವಿ. ಕತ್ತಲಿ, ಸಣ್ಣ ಮಳಿ. ಮುಳ್ಳು 28ರಾಗ ನಿಂತಿತ್ತು, ಹಿಂದಿನ ಗಾಡಿಯವ ದೀಪ ಮಿಣುಕಿಸಿ ಅವಸರ ಮಾಡ್ಲಿಕತ್ತಿದ್ದ, ಇಂವ ಕೇರ್ ಮಾಡ್ಲಿಲ್ಲ. ಅಷ್ಟ್ರಾಗ ನನ್ನ ಚೀಲದಾಗ ಫೋನ್ ಬಡಕೊಳ್ಳಿಕತ್ತಿತು. ನಂಗ ಗೊತ್ತು ಯಾರದಂತ. ಕೈ ತಾನ ಚೀಲಕ್ಕ ಹೋತು.

"ಅಮ್ಮಾ, ಎತ್ತಬ್ಯಾಡ," ಅಂದ ಮಗ, ರಸ್ತೆಯಿಂದ ಕಣ್ಣು ತಗೀದ. "ಈ ಮನ್ಯಾಗ ಖಾಲಿ ಹಾಳಿ ಇರೋದು ನಿಂದೊಂದ."

ಅದಕ್ಕ ಅಕ್ಕಾ, ಸಿಟ್ಟಾಗಬ್ಯಾಡ. ಮಾರ್ಚ್ ತನಕ ಹನ್ನೆರಡೂವರಿ ಆದಮ್ಯಾಲೆ ಫೋನ್ ಮಾಡು. ಅಷ್ಟೊತ್ತಿಗೆ ನಾ ಮನಿ ಮುಟ್ಟಿ ಚಹಾಕ್ಕ ಇಟ್ಟಿರ್ತೀನಿ.